ಎತ್ತಿಗೆ ಒಂಬತ್ತು ತಿಂಗಳು

ನಾನು ತೂಕದ ಮನುಷ್ಯ. ಇದು ಜಂಬದ ಮಾತಲ್ಲ, ಸರ್ಕಾರವೇ ಕೊಟ್ಟ ಕೆಲಸ. ಅಂಗಡಿಯಿಂದ ಅಂಗಡಿಗೆ ತಿರುಗಿ ತಕ್ಕಡಿ ನೆಟ್ಟಗಿದೆಯೇ, ತೂಕದ ಕಲ್ಲು ಸವೆದಿದೆಯೇ ಎಂದು ನೋಡಿ ಮುದ್ರೆ ಒತ್ತುವ ಇನ್ಸ್‌ಪೆಕ್ಟರು ನಾನು. ದೂರದಲ್ಲಿ ನನ್ನ ತಲೆ ಕಂಡರೆ ಸಾಕು, ತಕ್ಕಡಿಯ ತಟ್ಟೆಯಡಿ ಅಂಟಿಸಿದ ಹುಣಸೆಹಣ್ಣನ್ನು ಕಿತ್ತು ಬಾಯಿಗೆ ಹಾಕಿಕೊಂಡು ಮುಖ ಹುಳ್ಳಗೆ ಮಾಡಿಕೊಂಡ ವ್ಯಾಪಾರಿಗಳು ಎಷ್ಟೋ ಜನ. ಆದರೆ ಇಷ್ಟು ವರ್ಷದ ಸೇವೆಯಲ್ಲಿ ಒಂದು ತಕ್ಕಡಿಯ ಮೇಲೂ ನಾನೇ ಹತ್ತಿ ನಿಂತವನಲ್ಲ. ಕೆಲವು ಸತ್ಯಗಳನ್ನು ಇಲಾಖೆ ಕೆದಕಬಾರದು.

ನನ್ನ ತೂಕದ ಉಸ್ತುವಾರಿ ನನ್ನ ಹೆಂಡತಿಯದು. ಅವಳ ಅಳತೆಗೋಲು ನನ್ನ ಬೆಲ್ಟು. ಅದರ ಕೊನೆಯ ತೂತಿಗೆ ಬಕಲ್ ತಲುಪಿದ ವಾರವೇ ಅವಳ ಅಕ್ಕ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಅಕ್ಕನ ಸೇವೆಗೆ ಹೊರಟವಳು ಬಾಗಿಲಲ್ಲಿ ಬ್ಯಾಗು ಇಟ್ಟು ನನ್ನ ಕಡೆ ತಿರುಗಿದಳು.

"ರೀ, ನಾನು ವಾಪಸ್ ಬರೋ ಹೊತ್ತಿಗೆ ಬೆಲ್ಟು ಒಂದು ತೂತು ಒಳಗೆ ಬಂದಿರಬೇಕು. ದಿನಾ ಬೆಳಗ್ಗೆ ನಡೀಬೇಕು. ನಡೆದೆ ಅಂತ ಸುಳ್ಳು ಹೇಳಿದ್ರೆ ನನಗೆ ಗೊತ್ತಾಗುತ್ತೆ. ಸುಳ್ಳು ಹೇಳಿದ್ರೆ ನಿಮ್ಮ ಕಿವಿ ಕೆಂಪಾಗುತ್ತೆ."

ಫೋನಿನಲ್ಲಿ ಕಿವಿ ಕಾಣುವುದಿಲ್ಲ ಎಂಬ ಧೈರ್ಯದ ಮೇಲೆ ನಾನು ಒಪ್ಪಿಕೊಂಡೆ.

ಅವಳು ಹೋದ ಬೆನ್ನಿಗೇ ನನ್ನ ಅಕ್ಕನ ಮಗಳು, ವರಸೆಯಲ್ಲಿ ಸೊಸೆ, ಬಂದಿಳಿದಳು. ಸಿನಿಮಾ ತೆಗೆಯುವುದನ್ನು ಕಲಿಯುತ್ತಿರುವ ಹುಡುಗಿ, ಕಡೆಯ ವರ್ಷ. ಪರೀಕ್ಷೆಗೆಂದು ಒಂದು ಚಿಕ್ಕ ಸಿನಿಮಾ ಮಾಡಿ ಒಪ್ಪಿಸಬೇಕಿತ್ತು. ಬಸುರಿಯೊಬ್ಬಳು ಹೊಟ್ಟೆಯೊಳಗಿನ ಮಗುವಿಗೆ ಲೋಕದ ಪರಿಚಯ ಮಾಡಿಕೊಡುತ್ತಾಳಂತೆ, ಅದು ಕಥೆ. ಜೊತೆಗೆ ಕ್ಯಾಮೆರಾ ಹಿಡಿಯುವ ಸಹಪಾಠಿ ಒಬ್ಬನಿದ್ದ. ಅವನು ಮಾತೇ ಆಡುತ್ತಿರಲಿಲ್ಲ, ಹಾಗಾಗಿ ನಾನು ಮೌನಿ ಎಂದೇ ಕರೆದೆ. ಅವರ ಕೆಲಸದಲ್ಲಿ ಒಂದು ಶಿಸ್ತಿದೆ. ನಿರ್ದೇಶಕರು "ಕಟ್" ಅನ್ನುವ ತನಕ ಕ್ಯಾಮೆರಾ ನಿಲ್ಲಿಸುವಂತಿಲ್ಲ. ಮೊದಲ ದಿನ ಸೊಸೆಗೆ ಸೀನು ಬಂದು, ಸೀನಿದ ಮೇಲೆ ಮೂಗು ಒರೆಸಿಕೊಂಡು, ಕಟ್ ಅನ್ನುವುದನ್ನೇ ಮರೆತು ಟೀ ಕುಡಿಯಲು ಹೋದಳು. ಅವಳು ಬರುವ ತನಕ ಮೌನಿ ಖಾಲಿ ಕುರ್ಚಿಯೊಂದನ್ನು ಚಿತ್ರೀಕರಿಸುತ್ತಲೇ ಇದ್ದ.

ಅವರ ಬಳಿ ಕ್ಯಾಮೆರಾ ಇತ್ತು, ದೀಪ ಇತ್ತು, ನಾಯಕಿ ಇದ್ದಳು. ಇಲ್ಲದಿದ್ದದ್ದು ಹೊಟ್ಟೆ. ನಾಯಕಿ ಸೊಸೆಯ ಗೆಳತಿ, ಕಡ್ಡಿಯಂಥವಳು. ಮುಖದ ದೃಶ್ಯಗಳೆಲ್ಲ ಚೆನ್ನಾಗಿಯೇ ಮುಗಿದಿದ್ದವು. ಹೊಟ್ಟೆಗೆ ಮೊದಲು ದಿಂಬು ಕಟ್ಟಿದರು. ಎರಡು ಹೆಜ್ಜೆ ನಡೆಯುವಷ್ಟರಲ್ಲಿ ಅದು ಬೆನ್ನಿಗೆ ಹೋಯಿತು. ನನ್ನ ಹೆಂಡತಿಯ ಸ್ಟೀಲ್ ಬೋಗುಣಿ ಕಟ್ಟಿದರೆ ಮೇಜಿಗೆ ತಾಗಿ ಠಣ್ ಎಂದು ಶಬ್ದ ಬಂತು. ಕೊನೆಗೆ ದೊಡ್ಡ ಬಲೂನಿಗೆ ನೀರು ತುಂಬಿಸಿದರು. ಅದು ನಡೆದರೆ ತುಳುಕುತ್ತಿತ್ತು, ಕೂತರೆ ಇಳಿಯುತ್ತಿತ್ತು. ಆಹಾ, ಥೇಟ್ ಹೊಟ್ಟೆಯೇ ಎಂದು ಖುಷಿಪಟ್ಟು ನಾಯಕಿಯನ್ನು ಬಸ್ ಸ್ಟಾಪಿಗೆ ಕರೆದುಕೊಂಡು ಹೋದರು.

ಬಲೂನು ಒಡೆದದ್ದು ಬಸ್ ಸ್ಟಾಪಿನ ನಟ್ಟನಡುವೆ.

ಕಾಲ ಕೆಳಗೆ ನೀರು ಹರಿದದ್ದು ನೋಡಿ ಅಲ್ಲಿದ್ದ ಹೆಂಗಸರೆಲ್ಲ "ಅಯ್ಯೋ, ನೀರು ಹೋಯ್ತು!" ಎಂದು ಕೂಗಿಕೊಂಡರಂತೆ. ನಾಯಕಿ "ಏನೂ ಆಗಿಲ್ಲ, ಬಲೂನು, ಬಲೂನು" ಅಂದಳಂತೆ. "ಪಾಪ, ನೋವಿಗೆ ಬಾಯಿಗೆ ಬಂದಿದ್ದು ಬಡಬಡಿಸ್ತಿದೆ ಕೂಸು" ಎಂದು ಅವಳನ್ನು ಎತ್ತಿ ಆಟೋದಲ್ಲಿ ಹಾಕಿ ಹೆರಿಗೆ ಆಸ್ಪತ್ರೆಗೆ ಒಯ್ದೇಬಿಟ್ಟರು. ಸೊಸೆ ಅಳುತ್ತಾ ನನಗೆ ಫೋನು ಮಾಡಿದಳು. ನಾನು ತೂಕದ ಕಲ್ಲುಗಳ ಚೀಲ ಹೆಗಲಿಗೆ ಹಾಕಿಕೊಂಡೇ ಓಡಿದೆ.

"ನೀವು ಅವಳಿಗೆ ಏನಾಗಬೇಕು?" ಎಂದಳು ಕೌಂಟರಿನಲ್ಲಿದ್ದ ನರ್ಸು.

"ಮಾವ ಆಗಬೇಕು. ಅಂದ್ರೆ, ಅವಳಿಗಲ್ಲ..."

"ಅವಳ ಗಂಡ ಎಲ್ಲಿ?"

"ಇನ್ನೂ ಮದುವೆ ಆಗಿಲ್ಲ."

ಬೆಂಚುಗಳ ಮೇಲಿದ್ದ ತಲೆಗಳೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದವು. ಅಷ್ಟರಲ್ಲಿ ಆ ನರ್ಸಿನ ಡ್ಯೂಟಿ ಮುಗಿಯಿತು. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಚೀಲ ಎತ್ತಿಕೊಂಡು ಮನೆಗೆ ಹೊರಟಳು. ಇನ್ನು ಐದು ನಿಮಿಷ ಕಾದಿದ್ದರೆ, ಡಾಕ್ಟರು ಚಿಮಟದಲ್ಲಿ ಹರಿದ ರಬ್ಬರು ಹಿಡಿದುಕೊಂಡು ಹೊರಗೆ ಬಂದು "ಹೆರಿಗೆ ಆಯ್ತು, ಇದೇ ಕೂಸು. ಯಾರಿಗೆ ಕೊಡ್ಲಿ?" ಅಂದದ್ದನ್ನು ಅವಳೂ ಕೇಳಬಹುದಿತ್ತು. ಅವಳು ಕೇಳದೆ ಹೋದದ್ದೇ ನನ್ನ ಗ್ರಹಚಾರ.

ನಾಯಕಿಯ ಅಪ್ಪ ಬಂದು ಮಗಳ ಕೈ ಹಿಡಿದು ಎಳೆದುಕೊಂಡು ಹೋದರು. "ಇನ್ನೊಂದ್ಸಲ ನನ್ನ ಮಗಳನ್ನ ಬಸುರಿ ಮಾಡೋಕೆ ಬಂದ್ರೆ ಕಾಲು ಮುರೀತೀನಿ" ಎಂದು ಸೊಸೆಗೆ ಹೇಳಿದರು. ಹುಡುಗಿಯೊಬ್ಬಳಿಗೆ ಯಾರೂ ಕೊಟ್ಟಿರದ ಎಚ್ಚರಿಕೆ ಅದು. ಆದರೆ ಆಗ ಯಾರಿಗೂ ನಗು ಬರಲಿಲ್ಲ.

ಸಂಜೆ ಸೊಸೆ ನಮ್ಮ ಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಅತ್ತಳು. "ಮುಖ ಇದೆ, ಹೊಟ್ಟೆ ಇಲ್ಲ ಮಾವ. ವಾರದ ಕೊನೆಗೆ ಒಪ್ಪಿಸದಿದ್ರೆ ಫೇಲು. ಫೇಲಾದ್ರೆ ಓದು ಬಿಟ್ಟು ಟೈಲ್ಸ್ ಅಂಗಡೀಲಿ ಕೂರು ಅಂತ ಅಪ್ಪ ಆಗಲೇ ಹೇಳಿದ್ದಾರೆ. ಜೀವಮಾನ ಪೂರ್ತಿ ಬಚ್ಚಲುಮನೆ ಟೈಲ್ಸ್ ಮಾರ್ತಾ ಕೂರಬೇಕು ನಾನು."

ನಾನು ಟೀ ಕುಡಿಯುತ್ತಿದ್ದೆ. ನನಗೊಂದು ಅಭ್ಯಾಸವಿದೆ. ಆರಾಮಕುರ್ಚಿಯಲ್ಲಿ ಒರಗಿ ಕೂತಾಗ ಕಪ್ಪನ್ನು ಹೊಟ್ಟೆಯ ಮೇಲೇ ಇಟ್ಟುಕೊಳ್ಳುತ್ತೇನೆ. ಎಂದೂ ಬಿದ್ದಿಲ್ಲ. ಸೊಸೆ ಕಣ್ಣೊರೆಸಿಕೊಂಡು ಆ ಕಪ್ಪನ್ನು ನೋಡಿದಳು. ಕಪ್ಪು ನನ್ನ ಉಸಿರಿಗೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಅವಳ ಅಳು ನಿಂತಿತು. ಮೌನಿಯೂ ನೋಡಿದ.

"ಮಾವ, ಅಲ್ಲಾಡಬೇಡಿ" ಎಂದಳು ಸೊಸೆ.

ಅವಳ ಮನಸ್ಸಿನಲ್ಲಿದ್ದದ್ದು ನನಗೆ ಹೊಳೆದಾಗ ಕಪ್ಪು ಮೊದಲ ಬಾರಿಗೆ ಬಿತ್ತು.

"ಥೂ! ನಾನು ಸರ್ಕಾರಿ ಇನ್ಸ್‌ಪೆಕ್ಟರು ಕಣೇ! ಮೀಸೆ ಇದೆ ನನಗೆ!"

"ಮೀಸೆ ಯಾರಿಗೆ ಬೇಕು ಮಾವ? ಕತ್ತಿನಿಂದ ಕೆಳಗೆ, ಮೊಣಕಾಲಿಂದ ಮೇಲೆ. ನಿಮ್ಮ ಮುಖ ಎಲ್ಲೂ ಬರಲ್ಲ. ಇದು ಉಸಿರಾಡುತ್ತೆ ಮಾವ. ಇಂಥದ್ದು ದುಡ್ಡು ಕೊಟ್ರೂ ಸಿಗಲ್ಲ."

ಕಲಾವಿದರ ಹೊಗಳಿಕೆ ಕೆಟ್ಟದ್ದು. ಮನೆಯಲ್ಲಿ ದಿನವೂ ಬೈಸಿಕೊಳ್ಳುವ ವಸ್ತುವನ್ನು ಒಬ್ಬರು ಹೊಗಳಿದರೆ ಯಾರಿಗಾದರೂ ಕರುಳು ಚುರ್ ಅನ್ನದೆ? ಯಾರಿಗೂ, ಸತ್ತರೂ, ನನ್ನ ಹೆಂಡತಿಗಂತೂ ಮೊದಲೇ, ಹೇಳಕೂಡದು ಎಂದು ಆಣೆ ಮಾಡಿಸಿಕೊಂಡು ಒಪ್ಪಿಕೊಂಡೆ.

ಮರುದಿನ ನನ್ನ ಎರಡು ಕೈಗಳ ಕೂದಲನ್ನು ನುಣ್ಣಗೆ ತೆಗೆದರು. ಬಸುರಿಯ ಕೈ ಹೊಟ್ಟೆ ಸವರುವ ದೃಶ್ಯ ಬೇಕಂತೆ. ಹೂವಿನ ಚಿತ್ರದ ದೊಡ್ಡ ನೈಟಿ ತೊಡಿಸಿದರು. ಮುಖ ಅಕಸ್ಮಾತ್ ಕಂಡೀತೆಂದು ತಲೆಯ ಮೇಲೆ ಶಾಲು ಹಾಕಿದರು. ಸಂಜೆಯ ಬೆಳಕು ಹೊಟ್ಟೆಯ ಅಂಚಿಗೆ ಬೀಳಬೇಕೆಂದು ನನ್ನನ್ನು ಪಕ್ಕಕ್ಕೆ ತಿರುಗಿಸಿ ಕಿಟಕಿಯ ಮುಂದೆ ನಿಲ್ಲಿಸಿದರು. ಸೊಂಟಕ್ಕೆ ಕೈ ಕೊಟ್ಟು ಉಸ್ಸೆಂದು ನಿಂತೆ. ಅದಕ್ಕೆ ನಟನೆಯೇನೂ ಬೇಕಾಗಲಿಲ್ಲ.

ಆ ಕಿಟಕಿಯ ಎದುರು ಸಿಸ್ಟರಮ್ಮನ ಕಿಟಕಿ. ಸಿಸ್ಟರಮ್ಮ ಎಂದರೆ ಹೆರಿಗೆ ಆಸ್ಪತ್ರೆಯಲ್ಲಿ ಜೀವ ಸವೆಸಿ ನಿವೃತ್ತರಾದ ನರ್ಸು. ಬೀದಿಯ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದವರು, ಹಾಗಾಗಿ ಬೀದಿಯಲ್ಲಿ ಅವರ ಮಾತಿಗೆ ಎದುರಿಲ್ಲ. ಮದುವೆಯಾಗದವಳ ಹೆರಿಗೆಗೆ ನಾನು ಓಡಿ ಬಂದ ಸುದ್ದಿಯನ್ನು ಕೌಂಟರಿನಲ್ಲಿದ್ದ ಆ ನರ್ಸು, ಅವರ ಶಿಷ್ಯೆ, ಆಗಲೇ ಮುಟ್ಟಿಸಿದ್ದಳು. ಈಗ ಕಿಟಕಿಯಲ್ಲಿ ಸಾಕ್ಷಿಯೂ ನಿಂತಿತು.

ಬೆಳಗ್ಗೆ ನಾನು ಹಾಲಿನ ಪ್ಯಾಕೆಟ್ಟು ಎತ್ತಿಕೊಳ್ಳುವಾಗ ಸಿಸ್ಟರಮ್ಮ ಗೇಟಿನಲ್ಲಿದ್ದರು.

"ಇನ್ಸ್‌ಪೆಕ್ಟ್ರೇ, ಮನೇಲಿ ಯಾರೋ ಬಂದಿದ್ದಾರೆ?"

"ಯಾರೂ ಇಲ್ವಲ್ಲ!" ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಹೊಟ್ಟೆ ಮುಟ್ಟಿ ನೋಡಿಕೊಂಡೆ.

"ನನ್ನ ಹತ್ರ ಮುಚ್ಚಿಡಬೇಡಿ. ಒಂಬತ್ತರಲ್ಲಿದೆ. ಹೊಟ್ಟೆ ಕೆಳಗಿಳಿದಿದೆ, ಗಂಡು ಮಗು. ನಿಲ್ಲೋ ಭಂಗಿ ನೋಡಿದ್ರೇ ಗೊತ್ತಾಗುತ್ತೆ, ಸೊಂಟ ಗಟ್ಟಿ ಇದೆ. ಆದರೆ ಮೊದಲ ಹೆರಿಗೆಗೆ ವಯಸ್ಸು ಸ್ವಲ್ಪ ಜಾಸ್ತಿ ಅನ್ಸುತ್ತೆ."

ಎಷ್ಟೊಂದು ಹೆರಿಗೆ ಮಾಡಿಸಿದ ಕಣ್ಣು! "ದೂರದ ಸಂಬಂಧಿ, ಗಂಡ ಪರದೇಶದಲ್ಲಿದ್ದಾನೆ" ಎಂದು ಒದರಿ ಒಳಗೆ ಓಡಿದೆ. ಕಿವಿ ಕಾದ ಕಾವಲಿಯಾಗಿತ್ತು.

ಮೆಟ್ಟಿಲ ಬಳಿ ಮನೆ ಮಾಲೀಕರು ಹಿಡಿದರು. "ಬಾಡಿಗೆಗೆ ಬರುವಾಗ ಇಬ್ಬರೇ ಅಂದಿದ್ರಿ. ಈಗ ನಿಮ್ಮ ಸೊಸೆ, ಆ ಮೂಕ, ಈ ಬಸುರಿ. ನಾಳೆ ಬಾಣಂತಿ ಸ್ನಾನ ಅಂದ್ರೆ ನನ್ನ ಟ್ಯಾಂಕ್ ಗತಿ ಏನ್ರೀ? ಅವಳ ಗಂಡ ಎಲ್ಲಿ?"

ಸಿಸ್ಟರಮ್ಮನಿಗೆ ಏನು ಹೇಳಿದ್ದೆ ಎಂಬುದೇ ಗಾಬರಿಯಲ್ಲಿ ಮರೆತುಹೋಗಿ "ತೀರಿಕೊಂಡ" ಅಂದುಬಿಟ್ಟೆ.

ಮಾಲೀಕರೂ ಸಿಸ್ಟರಮ್ಮನೂ ದಿನಾ ಸಂಜೆ ಒಂದೇ ಕಟ್ಟೆಯ ಮೇಲೆ ಕೂರುವವರು. ಬೆಳಗ್ಗೆ ಪರದೇಶದಲ್ಲಿದ್ದ ಗಂಡ ಮಧ್ಯಾಹ್ನದೊಳಗೆ ಸತ್ತದ್ದು ಅವರಿಗೆ ಸರಿ ಕಾಣಲಿಲ್ಲ. ಸೊಸೆಯನ್ನು ಹಿಡಿದು ಕೇಳಿದರು. ಅವಳು ಆಣೆಗೆ ಬದ್ಧಳಾಗಿ "ನನಗೇನೂ ಗೊತ್ತಿಲ್ಲ ಆಂಟಿ, ಎಲ್ಲಾ ಮಾವನದ್ದೇ" ಎಂದಳಂತೆ. ಇದಕ್ಕಿಂತ ಕೆಟ್ಟದಾಗಿ ಸತ್ಯ ಹೇಳಲು ಸಾಧ್ಯವಿಲ್ಲ.

ಸುದ್ದಿ ಹಣ್ಣಿನ ಅಂಗಡಿಗೆ ಹೋಯಿತು. ಅಲ್ಲಿಂದ ಹಣ್ಣು ಕೊಳ್ಳಲು ಬಂದ ನಮ್ಮ ಸಾಹೇಬರಿಗೆ ಹೋಯಿತು. ಆಫೀಸಿನಲ್ಲಿ ಸಾಹೇಬರು ಬಾಗಿಲು ಹಾಕಿಸಿ ನನ್ನನ್ನು ಕೂರಿಸಿದರು. ಬಹಳ ಹೊತ್ತು ನನ್ನ ನುಣ್ಣನೆಯ ಕೈಗಳನ್ನೇ ನೋಡಿದರು.

"ಇದೇನ್ರೀ ಇದು?"

"ಅಲರ್ಜಿ ಸಾರ್."

"ಈ ವಯಸ್ಸಲ್ಲಿ ಶೋಕಿ ಹತ್ತಿದ್ರೆ ಹೀಗೇ ಆಗೋದು. ನಿಮ್ಮ ಖಾಸಗಿ ವಿಷಯ ನನಗೆ ಬೇಡ. ಆದರೆ ಒಂದು ಮಾತು. ಮಗು ಹುಟ್ಟಿದ್ರೆ ಇಲಾಖೇಲಿ ಗಂಡಸರಿಗೂ ರಜೆ ಉಂಟು. ಹೆಂಡತಿ ಹೆತ್ತರೆ ಮಾತ್ರ. ಬೇರೆ ಕಡೆ ಹೆತ್ತರೆ ನಾನು ಸಹಿ ಹಾಕಲ್ಲ."

ನಾನೇ ಹೆತ್ತರೆ? ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದರಂತೆ. ಅದು ಗಾದೆ. ನಮ್ಮ ಬೀದಿಯವರು ಎತ್ತು ಈಯುವ ಮೊದಲೇ ಹಗ್ಗ ಹಿಡಿದು ನಿಂತರು. ನಿಜ ಹೇಳಿ ಮುಗಿಸಬಹುದಿತ್ತಲ್ಲ ಎಂದು ಕೇಳುವುದು ಸುಲಭ. ನಿಮ್ಮನ್ನೇ ಕೇಳುತ್ತೇನೆ. ಪರಸ್ತ್ರೀಯನ್ನು ಬಸುರಿ ಮಾಡಿದವನು ಅನ್ನಿಸಿಕೊಳ್ಳುವುದು ಮೇಲೋ, ನೈಟಿ ತೊಟ್ಟು ತಾನೇ ಬಸುರಿಯಾದವನು ಅನ್ನಿಸಿಕೊಳ್ಳುವುದು ಮೇಲೋ? ಮೊದಲನೆಯದಕ್ಕೆ ಬೈಗುಳವಿದೆ. ಎರಡನೆಯದನ್ನು ಸಾಯುವ ತನಕ ಹೇಳಿಕೊಂಡು ನಗುತ್ತಾರೆ. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಸಂಜೆ ಹೆಂಡತಿಯ ಫೋನು ಬಂತು. ಪ್ರತಿದಿನ "ಬೆಲ್ಟು ಎಷ್ಟನೇ ತೂತು?" ಎಂದೇ ಶುರು ಮಾಡುವವಳು ಅಂದು ಬೆಲ್ಟಿನ ಮಾತೇ ಎತ್ತಲಿಲ್ಲ.

"ಸಿಸ್ಟರಮ್ಮ ಫೋನ್ ಮಾಡಿದ್ರು" ಎಂದಳು. ದನಿ ತಣ್ಣಗಿತ್ತು. "ಮನೇಲಿ ಯಾರಿದ್ದಾರೆ ರೀ?"

"ಸೊಸೆ, ಅವಳ ಕ್ಯಾಮೆರಾದವನು. ಇನ್ಯಾರೂ ಇಲ್ಲ. ನನ್ನಾಣೆ."

ಒಳಗಿನ ಕೋಣೆಯಿಂದ ಸೊಸೆ ಗಂಟಲು ಹರಿಯುವಂತೆ ಕೂಗಿದಳು. "ಬಸುರಿ ಎಲ್ಲಿ? ಬೇಗ ಬಸುರೀನ ಕಳಿಸಿ, ಬೆಳಕು ಹೋಗ್ತಾ ಇದೆ!"

ಅವಳು ಫೋನು ಇಟ್ಟುಬಿಟ್ಟಳು. ನಾನು ತಿರುಗಿ ಮಾಡಿದರೆ ಎತ್ತಲಿಲ್ಲ. ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಬೈದಿದ್ದಾಳೆ, ಅಡುಗೆಮನೆಯಿಂದ ಓಡಿಸಿದ್ದಾಳೆ, ಆದರೆ ಮಾತು ನಿಲ್ಲಿಸಿದವಳಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

"ಸಾಕು, ನಾನು ನಾಳೆ ಬೆಳಗ್ಗೆ ಬಸ್ಸು ಹತ್ತಿ ಹೋಗಿ ಅವಳಿಗೆ ಎಲ್ಲಾ ಹೇಳ್ತೀನಿ" ಎಂದೆ ಸೊಸೆಗೆ.

"ಹೇಳಿ ಮಾವ. ನಾನೂ ಬರ್ತೀನಿ, ಅತ್ತೆ ಕಾಲಿಗೆ ಬೀಳ್ತೀನಿ. ಆದರೆ ಹೆರಿಗೆ ನೋವಿನ ದೃಶ್ಯ ಒಂದು ಬಾಕಿ ಇದೆ. ನಾಳೆ ಬೆಳಗಿನ ಬೆಳಕಲ್ಲಿ ಒಂದೇ ಶಾಟು. ಹೆತ್ತುಬಿಟ್ಟು ಹೋಗೋಣ."

ಮಂಚದ ಮೇಲೆ ಮಲಗಬೇಕು, ಶಾಲು ಮುಖ ಮುಚ್ಚಿರಬೇಕು, ಹೊಟ್ಟೆ ಏರಿಳಿಯಬೇಕು, ಅಷ್ಟೇ. ಹೊಟ್ಟೆ ತುಂಬಿದಂತೆ ಕಾಣಲೆಂದು ಬೆಳಗ್ಗೆ ಸೊಸೆ ನನಗೆ ಮಾಮೂಲಿನ ಎರಡರಷ್ಟು ತಿನ್ನಿಸಿದ್ದಳು. ಮೌನಿ ಕ್ಯಾಮೆರಾ ಶುರು ಮಾಡಿದ. ಸೊಸೆ "ನೋವು ಬರ್ಲಿ ಮಾವ" ಎಂದಳು. ಬಂತು. ಹೊಟ್ಟೆಯಲ್ಲಿ ವಾಯು ತಿರುಗಿ, ಅದೇ ಹೊತ್ತಿಗೆ ಮೀನಖಂಡ ಹಿಡಿದುಕೊಂಡು, ನಾನು ಬೀದಿಗೆ ಕೇಳುವಂತೆ "ಅಮ್ಮಾ!" ಎಂದು ಚೀರಿದೆ.

ಬೀದಿಗೆ ಕೇಳಿತು. ಸಿಸ್ಟರಮ್ಮ ಹಳೆಯ ಕಪ್ಪು ಬ್ಯಾಗು ಹಿಡಿದು ಬಾಗಿಲು ತಳ್ಳಿಕೊಂಡು ನುಗ್ಗಿದರು. ಹಿಂದೆ ಮಾಲೀಕರು. ನಾನು ಶಾಲನ್ನು ಮೀಸೆಯ ಮೇಲೆ ಬಿಗಿಯಾಗಿ ಎಳೆದುಕೊಂಡೆ. ಸೊಸೆ ಆಣೆ ನೆನೆದು ಗೋಡೆಗೆ ಒರಗಿದಳು.

"ಎಲ್ಲಾ ಪಕ್ಕಕ್ಕೆ ಹೋಗಿ. ಗಂಡಸರು ಆ ಕಡೆ ತಿರುಗಿ" ಎಂದು ಸಿಸ್ಟರಮ್ಮ ನನ್ನ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟರು. ಅಲ್ಲಿ ಒತ್ತಿದರು, ಇಲ್ಲಿ ಒತ್ತಿದರು. ವಾಯು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಗುಡುಗುಡು ಓಡಿತು.

"ಒದೀತಿದೆ! ಜೋರು ಮಗು. ಆದರೆ ಅಡ್ಡ ತಿರುಗಿದೆ ರೀ! ತಲೆ ಸಿಗ್ತಿಲ್ಲ. ಇದು ಮನೇಲಿ ಆಗೋ ಹೆರಿಗೆ ಅಲ್ಲ. ಆಂಬುಲೆನ್ಸ್ ಕರೀರಿ!"

ಮಾಲೀಕರು ಗೋಡೆಗೆ ಮುಖ ಮಾಡಿಕೊಂಡೇ ಫೋನು ಒತ್ತಿದರು. ಆಗ ಬಾಗಿಲಲ್ಲಿ ಗುಡುಗು ಕೇಳಿಸಿತು.

"ಎಲ್ಲಿ ಅವನು?"

ನನ್ನ ಹೆಂಡತಿಯ ಅಣ್ಣ. ಡ್ರೈವಿಂಗ್ ಸ್ಕೂಲು ನಡೆಸುವ ಭಾವ. ಕಲಿಯುವವರ ಪಕ್ಕದಲ್ಲಿ ಕೂತು ಕೂತು ಅವರಿಗೊಂದು ಅಭ್ಯಾಸ ಬಿದ್ದಿದೆ. ಏನಾದರೂ ಗಾಬರಿಯಾದರೆ ಬಲಗಾಲು ತನ್ನಷ್ಟಕ್ಕೆ ಇಲ್ಲದ ಬ್ರೇಕನ್ನು ತುಳಿಯುತ್ತದೆ. ಮಂಚದ ಮೇಲೆ ಏರಿಳಿಯುತ್ತಿದ್ದ ಹೊಟ್ಟೆಯನ್ನು ಕಂಡದ್ದೇ ದಡ್ ಎಂದು ನೆಲ ತುಳಿದರು. ಅವರ ಹಿಂದೆ ನನ್ನ ಹೆಂಡತಿ.

"ಎಲ್ಲಿ ಆ ಕಳ್ಳ? ಇವಳನ್ನ ಈ ಸ್ಥಿತೀಲಿ ಬಿಟ್ಟು ಓಡಿಹೋದನಾ?"

"ಬೆಳಗ್ಗೆಯಿಂದ ಕಂಡಿಲ್ಲ" ಎಂದರು ಮಾಲೀಕರು ಗೋಡೆಗೆ. "ಹೆರಿಗೆ ಹೊತ್ತಿಗೆ ಪರಾರಿ."

ಭಾವ ಬಚ್ಚಲು ನೋಡಿದರು, ಬೀರು ತೆಗೆದು ನೋಡಿದರು, ಮಂಚದ ಕೆಳಗೆ ಬಗ್ಗಿ ನೋಡಿದರು. ನಾನು ಅವರ ತಲೆಯಿಂದ ಒಂದು ಗೇಣು ಮೇಲೆ ಮಲಗಿ ನಡುಗುತ್ತಿದ್ದೆ. ಎದ್ದು ನಿಂತು ಅವರು ನನ್ನ ಕಡೆ ಕೈ ಮುಗಿದರು. "ನೀನೇನೂ ಹೆದರಬೇಡಮ್ಮ. ತಪ್ಪು ನಿನ್ನದಲ್ಲ. ಆ ಮನುಷ್ಯ ಸಿಕ್ಕಲಿ, ನಾನೇ ಅವನ ಕೈಕಾಲು ಕಟ್ಟಿ ತಂದು ನಿನ್ನ ಮುಂದೆ ಕೂರಿಸ್ತೀನಿ."

ಸೊಸೆ "ದೊಡ್ಡಪ್ಪ, ಅದು, ಅವರು..." ಎಂದು ತೊದಲಿದಳು. "ನೀನು ಸುಮ್ನಿರು, ನೀನೂ ಇದರಲ್ಲಿ ಸೇರಿದ್ದೀಯ!" ಎಂಬ ಗುಡುಗಿಗೆ ಅವಳು ಮೂಲೆ ಸೇರಿದಳು.

ನನ್ನ ಹೆಂಡತಿ ಮಂಚದ ಅಂಚಿಗೆ ಬಂದು ಕೂತಳು. ಶಾಲಿನ ಎಳೆಗಳ ನಡುವೆ ಅವಳ ಮುಖ ನನಗೆ ಕಾಣುತ್ತಿತ್ತು. ಬಸ್ಸಿನಲ್ಲಿ ಉದ್ದಕ್ಕೂ ಅತ್ತಿದ್ದಳೆಂದು ಕಾಣುತ್ತದೆ, ಕಣ್ಣು ಊದಿದ್ದವು.

"ಬೈಯೋಣ ಅಂತಲೇ ಬಂದೆ" ಎಂದಳು ಮೆಲ್ಲಗೆ. "ಈಗ ನಿನ್ನ ನೋಡಿದ್ರೆ ಬಾಯಿ ಬರ್ತಿಲ್ಲ. ಎಷ್ಟು ನೋವಾಗ್ತಿದೆಯೋ. ಅವರು ಕೆಟ್ಟವರಲ್ಲ ಕಣಮ್ಮ. ಒಂದು ಸುಳ್ಳು ಹೇಳೋಕೂ ಬರಲ್ಲ ಅವರಿಗೆ. ನನಗೆ ಹೀಗೆ ಮಾಡ್ತಾರೆ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ."

ಅವಳ ಕಣ್ಣಿಂದ ನೀರು ಇಳಿಯಿತು. ಶಾಲಿನೊಳಗೆ ನನ್ನ ಕಣ್ಣಿಂದಲೂ ಇಳಿಯಿತು. ಮೀಸೆ ಹೋದರೆ ಹೋಗಲಿ, ಈಗಲೇ ಎದ್ದು ಕೂರುತ್ತೇನೆ ಅಂದುಕೊಳ್ಳುವಷ್ಟರಲ್ಲಿ ಅವಳು ಸಮಾಧಾನ ಮಾಡುವವಳಂತೆ ನನ್ನ ಹೊಟ್ಟೆಯ ಮೇಲೆ ಕೈ ಇಟ್ಟಳು.

ಕೈ ಅಲ್ಲೇ ನಿಂತಿತು.

ಮತ್ತೆ ಒಂದು ಸಲ ಮೆಲ್ಲಗೆ ಸವರಿತು, ಎಡದಿಂದ ಬಲಕ್ಕೆ, ಬೆಲ್ಟಿನ ಬಕಲ್ ದಿನವೂ ಒತ್ತಿ ತಗ್ಗು ಮಾಡಿದ ಜಾಗದವರೆಗೆ. ಅವಳ ಅಳು ಅರ್ಧಕ್ಕೇ ನಿಂತಿತು. ಅವಳು ಬಗ್ಗಿ ಶಾಲಿನ ಒಂದು ತುದಿಯನ್ನು ಬೆರಳಿನಷ್ಟು ಎತ್ತಿ ನನ್ನ ಕಿವಿ ನೋಡಿದಳು. ಅದು ಹೇಗಿತ್ತೆಂದು ನಾನು ಹೇಳಬೇಕಿಲ್ಲ. ಶಾಲನ್ನು ಮೊದಲಿದ್ದಂತೆ ಮುಚ್ಚಿದಳು.

"ಸಿಸ್ಟರಮ್ಮ, ಇದು ಎಷ್ಟು ತಿಂಗಳು ಅಂದ್ರಿ?"

"ಒಂಬತ್ತು ತುಂಬಿದೆ. ಅನುಮಾನವೇ ಇಲ್ಲ."

"ಇಲ್ಲ ಸಿಸ್ಟರಮ್ಮ. ಇದು ಇಪ್ಪತ್ತಾರು ವರ್ಷದ್ದು. ನಮ್ಮ ಮದುವೆಯಾದ ತಿಂಗಳಿಂದ ಬೆಳೀತಾ ಇದೆ. ನಾನು ಹೋಗುವಾಗ ಕೊನೇ ತೂತಲ್ಲಿತ್ತು." ಅಷ್ಟು ಹೇಳಿ ಶಾಲನ್ನು ಸರ್ರನೆ ಎಳೆದಳು. "ಏಳ್ರೀ ಮೇಲಕ್ಕೆ!"

ನೈಟಿ ತೊಟ್ಟ ನಾನು ಮೀಸೆಸಮೇತ ಎದ್ದು ಕೂತೆ.

ಸಿಸ್ಟರಮ್ಮನ ಕೈಯಿಂದ ಬ್ಯಾಗು ಬಿತ್ತು. ಮಾಲೀಕರು ಗೋಡೆಯಿಂದ ತಿರುಗಿದವರು ನನ್ನನ್ನು ಕಂಡು ಮತ್ತೆ ಗೋಡೆಗೇ ತಿರುಗಿದರು. ಭಾವನ ಬಲಗಾಲು ದಡ್ ದಡ್ ಎಂದು ಮೂರು ಸಲ ಬ್ರೇಕು ತುಳಿಯಿತು. ಬ್ರೇಕು ಹತ್ತಲಿಲ್ಲ. ಭಾವ ಕಣ್ಣು ಮೇಲೆ ಮಾಡಿ ಹಿಂದಕ್ಕೆ ವಾಲಿ ಬಿದ್ದರು. ಅಷ್ಟರಲ್ಲಿ ಬಂದ ಆಂಬುಲೆನ್ಸಿನವರು ಸ್ಟ್ರೆಚರು ಬಿಚ್ಚುತ್ತಾ "ಹೆರಿಗೆ ಪೇಷಂಟ್ ಯಾರು?" ಎಂದರು. ಅವರು ನೆಲದ ಮೇಲಿದ್ದ ಭಾವನನ್ನು ಎತ್ತಿಕೊಂಡು ಹೋದರು.

ನನ್ನ ಹೆಂಡತಿ ನಕ್ಕಳು. ಮೊದಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಆಮೇಲೆ ಮುಚ್ಚಲಾಗದೆ, ಕೊನೆಗೆ ನನ್ನ ಹೊಟ್ಟೆಯ ಮೇಲೇ ಹಣೆ ಇಟ್ಟು. ನಗುತ್ತಾ ನಗುತ್ತಾ ಎರಡು ಏಟು ಹೊಡೆದಳು, ಮತ್ತೆ ಅತ್ತಳು. ನನಗೆ ಹೋದ ಜೀವ ಬಂತು. ಆಗ ಮೂಲೆಯಿಂದ ಸೊಸೆ ಕಿರುಚಿದಳು.

"ಅಯ್ಯೋ, ನಾನು ಕಟ್ ಹೇಳಲೇ ಇಲ್ಲ!"

ಮೌನಿ ಕ್ಯಾಮೆರಾದ ಹಿಂದಿನಿಂದ ತಲೆ ಎತ್ತಿ, ಜೀವಮಾನದಲ್ಲಿ ಮೊದಲ ಸಲ ಪೂರ್ತಿ ವಾಕ್ಯ ಆಡಿದ. "ಅದಕ್ಕೇ ನಾನೂ ನಿಲ್ಲಿಸಲಿಲ್ಲ."

ಪರೀಕ್ಷೆಯ ದಿನ ಕಾಲೇಜಿನ ಕತ್ತಲೆ ಹಾಲಿನಲ್ಲಿ ನಾವೆಲ್ಲ ಕೂತೆವು. ನಾನು, ಹೆಂಡತಿ, ಹಿಂದಿನ ಸಾಲಿನಲ್ಲಿ ಸಿಸ್ಟರಮ್ಮ. ಭಾವ ಬರಲಿಲ್ಲ, ರಕ್ತದೊತ್ತಡ ಇನ್ನೂ ಇಳಿದಿರಲಿಲ್ಲ. ಸೊಸೆ ಜಾಣೆ. ಬಾಗಿಲ ಗುಡುಗು, ಆಂಬುಲೆನ್ಸು ಎಲ್ಲ ತೆಗೆದುಹಾಕಿ, ಕೊನೆಗೆ ಉಳಿಸಿದ್ದು ಒಂದೇ ದೃಶ್ಯ. ಮಂಚದ ಅಂಚಿಗೆ ಬಂದು ಕೂತ ಹೆಂಗಸು, ಅವಳ ಊದಿದ ಕಣ್ಣು, ಹೊಟ್ಟೆಯ ಮೇಲೆ ಇಟ್ಟ ಕೈ, ಆ ಕೈ ಅಲ್ಲೇ ನಿಂತದ್ದು. ಹಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ನಾನೂ ಒರೆಸಿಕೊಂಡೆ. ಆ ಹೊಟ್ಟೆ ನನ್ನದೇ ಎಂಬುದು ಒಂದು ಗಳಿಗೆ ಮರೆತೇಹೋಗಿತ್ತು.

ದೀಪ ಹತ್ತಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ತೆಗೆದು ಒರೆಸಿ ಎದ್ದು ನಿಂತರು.

"ಬಹಳ ಚೆನ್ನಾಗಿದೆ. ಕೊನೇ ದೃಶ್ಯದಲ್ಲಿ ಮಂಚದ ಅಂಚಿಗೆ ಕೂತ ಆ ತಾಯಿಯ ನಟನೆ ಅಪೂರ್ವ. ಪಾಸು ಅಂತ ಹೇಳೋಕೆ ಯೋಚಿಸಬೇಕಿಲ್ಲ. ಒಂದೇ ಒಂದು ಕೊರತೆ." ಅವರು ತಲೆ ಅಲ್ಲಾಡಿಸಿದರು. "ಹೊಟ್ಟೆ ಮಾತ್ರ ನಂಬೋ ಹಾಗಿಲ್ಲ. ತೀರಾ ಅತಿ ಮಾಡಿದ್ದೀರಿ. ದಿಂಬು ಕಟ್ಟಿದ್ದು ಅಂತ ಯಾರಿಗಾದ್ರೂ ಗೊತ್ತಾಗುತ್ತೆ."

ನನ್ನ ಪಕ್ಕದ ಕುರ್ಚಿ ದಡಕ್ಕನೆ ಮಡಿಚಿಕೊಂಡಿತು. ನನ್ನ ಹೆಂಡತಿ ಎದ್ದು ನಿಂತಿದ್ದಳು.

"ಏನಂದ್ರಿ? ದಿಂಬಾ?" ಇಡೀ ಹಾಲು ತಿರುಗಿ ನೋಡಿತು. ಅವಳು ನನ್ನ ತೋಳು ಹಿಡಿದು ಎಬ್ಬಿಸಿ ದೀಪದ ಬೆಳಕಿಗೆ ತಳ್ಳಿದಳು. "ಇಪ್ಪತ್ತಾರು ವರ್ಷ ನನ್ನ ಕೈಯಡುಗೆ ತಿಂದು ಬೆಳೆದಿದ್ದು ಸಾರ್ ಇದು! ಇದರ ಬಗ್ಗೆ ಏನಾದ್ರೂ ಅನ್ನೋದಿದ್ರೆ ನಾನು ಅನ್ಬೇಕು, ಬೇರೆ ಯಾರೂ ಅನ್ನೋ ಹಾಗಿಲ್ಲ. ದಿಂಬಂತೆ ದಿಂಬು! ಬನ್ನಿ, ಇಲ್ಲಿ ಬಂದು ಮುಟ್ಟಿ ನೋಡಿ!"

ಪರೀಕ್ಷಕರು ಬಾಯಿ ತೆರೆದುಕೊಂಡು ನನ್ನ ಮೀಸೆ ನೋಡಿದರು, ಹೊಟ್ಟೆ ನೋಡಿದರು, ಮತ್ತೆ ಮೀಸೆ ನೋಡಿದರು. ನನ್ನ ಹೆಂಡತಿಯ ಕಣ್ಣು ಕಂಡು, ಬೇರೆ ದಾರಿ ಕಾಣದೆ, ಒಂದೊಂದೇ ಹೆಜ್ಜೆ ಇಟ್ಟು ಬಂದು ಕೈ ಚಾಚಿದರು.

ಹಿಂದಿನ ಸಾಲಿನಿಂದ ಸಿಸ್ಟರಮ್ಮ ಬಗ್ಗಿ ಹೇಳಿದರು.

"ಮೆಲ್ಲಗೆ ಸಾರ್. ಒದೆಯುತ್ತೆ."